ಫಕ್ರುನ್ನಿಸಾ ಕೂಡಿಸಿದ ರಬ್ಬರ್ ಪಟ್ಟಿ

ಆಳಂದದ ಬಸ್‌ಸ್ಟ್ಯಾಂಡಿನ ಹಿಂದೆ ನನ್ನ ಚಹಾದಂಗಡಿ. ಅದಕ್ಕೆ ಗೋಡೆ ಹಚ್ಚಿ ಯಾಕೂಬಸಾಬರ ಹುಡ್ ಅಂಗಡಿ. ಜೀಪುಗಳ ಮೇಲಿನ ಕ್ಯಾನ್ವಾಸ್ ಹುಡ್ ಹೊಲಿಯುವುದು, ಸೀಟಿಗೆ ರೆಕ್ಸಿನ್ ಹಾಕುವುದು, ಅಂಚುಗಳಲ್ಲಿ ನೀರು ನುಗ್ಗದಂತೆ ರಬ್ಬರ್ ಪಟ್ಟಿ ಕೂಡಿಸುವುದು ಅವರ ಕಸುಬು. ಖಜೂರಿ ಕಡೆ ಓಡುವ ಜೀಪುಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಡ್ರೈವರುಗಳು ಗಾಡಿ ಅವರ ಮುಂದೆ ಬಿಟ್ಟು ನನ್ನ ಬೆಂಚಿನ ಮೇಲೆ ಬಂದು ಕೂಡುತ್ತಿದ್ದರು. ಅವರಿಗೆ ಕೆಲಸವಿದ್ದರೆ ನನಗೆ ವ್ಯಾಪಾರ. ನಾನು ಆ ಅಂಗಡಿಯನ್ನು ಹೊಗಳುವುದರಲ್ಲಿ ಅಷ್ಟು ಸ್ವಾರ್ಥ ಇದ್ದೇ ಇದೆ, ಉಳಿದದ್ದು ಖರೆ.

ಯಾಕೂಬಸಾಬರ ಹೊಲಿಗೆಯನ್ನು ಊರೆಲ್ಲ ಹೊಗಳುತ್ತಿತ್ತು. ಊರಿಗೆ ಗೊತ್ತಿರದ ಸಂಗತಿಯೆಂದರೆ, ಎಷ್ಟೋ ವರ್ಷಗಳಿಂದ ಆ ಹೊಲಿಗೆ ಹಾಕುತ್ತಿದ್ದವಳು ಅಂಗಡಿಯ ಒಳಗೆ ಪರದೆಯ ಹಿಂದೆ ಕೂಡುತ್ತಿದ್ದ ಅವರ ಮಗಳು ಫಕ್ರುನ್ನಿಸಾ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು, ಅಳುತ್ತ ಕೂಡುವ ಬದಲು ಮಶಿನ್ ತುಳಿಯುತ್ತ ಕೂತಳು. ಕಡೆಗೆ ಯಾಕೂಬಸಾಬರ ಕಣ್ಣು ಪೂರ್ತಿ ಹೋದವು. ಕಣ್ಣಿಲ್ಲದವನು ಹೊಲಿದ ಹುಡ್ ಎಂದು ಗಿರಾಕಿಗಳನ್ನು ಎಷ್ಟು ದಿನ ನಂಬಿಸಲಾದೀತು? ಒಂದು ದಿನ ಫಕ್ರುನ್ನಿಸಾ ಪರದೆ ಬಿಚ್ಚಿದಳು, ಅದೇ ಬಟ್ಟೆಯನ್ನು ಯಾವುದೋ ಜೀಪಿನ ಸೀಟಿಗೆ ಒಳಪದರ ಮಾಡಿ ಹೊಲಿದಳು, ಮಶಿನ್ ಎಳೆದುಕೊಂಡು ಬಾಗಿಲ ಮುಂದೆ ಬಂದು ಕೂತಳು. ಅಂದಿನಿಂದ ಬಜಾರಿಗೆಲ್ಲ ಅವಳು ಆಪಾ, ಎಲ್ಲರ ಅಕ್ಕ.

ಇದನ್ನು ಸಹಿಸದವರು ಯಾಕೂಬಸಾಬರ ತಮ್ಮ, ಬಳೆ ಅಂಗಡಿಯ ಗೌಸಮೊಹಿದ್ದೀನ. ತಾವು ದಿನವಿಡೀ ಊರ ಹೆಣ್ಣುಮಕ್ಕಳ ಕೈಗೆ ಬಳೆ ಇಡಿಸುವವರು. ಆದರೂ ಅಣ್ಣನ ಮಗಳು ಡ್ರೈವರುಗಳ ಜೊತೆ ಮಾತಾಡಿದರೆ ಅವರ ಮರ್ಯಾದೆ ಹೋಗುತ್ತಿತ್ತು. ಅವರ ಮಗ ಮುರ್ತುಜಾ ಸೋಲಾಪುರದ ಹುಡ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಒಂದು ಶುಕ್ರವಾರ ನಮಾಜು ಮುಗಿಸಿ ಬಂದ ಗೌಸಮೊಹಿದ್ದೀನ, ನನ್ನ ಬೆಂಚಿನ ಮೇಲೆ ಕೂತಿದ್ದ ಅಣ್ಣನ ಮುಂದೆ ನಿಂತು ಶುರು ಮಾಡಿದರು.

"ಭಾಯಿ, ಹೆಣ್ಣಮಗಳು ಬಜಾರದಾಗ ಕೂಡೋದು ಛಲೋ ಕಾಣಂಗಿಲ್ಲ. ಮುರ್ತುಜಾ ಇದೇ ಕೆಲಸ ಕಲ್ತಾನ. ಅಂಗಡಿ ಚಾವಿ ಅವನ ಕೈಯಾಗ ಕೊಡು."

ಯಾಕೂಬಸಾಬರು ಸಿಟ್ಟಿನ ಮನುಷ್ಯ. ಎದ್ದು ನಿಂತೇಬಿಟ್ಟರು. "ಕೂಡೋದು ಬಿಡು, ಕೆಲಸ ನೋಡು. ಇಕಿ ಮಾಡಿದ ಗಾಡಿ ಒಂದು ಸೋರಿ ವಾಪಸ್ ಬರ್ಲಿ, ಅವತ್ತೇ ಚಾವಿ ಮುರ್ತುಜಾಗ ಕೊಡ್ತೇನಿ. ಹರಿ, ನೀ ಸಾಕ್ಷಿ."

ನನ್ನ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಮಳೆಯ ಮೇಲೆ ಪಣ ಕಟ್ಟುವ ಶಾಣ್ಯಾತನ ಯಾವ ಊರದು? ಯಾಕೂಬಸಾಬರು ಆಡಿದ ಮಾತು ತಪ್ಪಿದವರಲ್ಲ, ಅದೇ ದೊಡ್ಡ ತೊಂದರೆ. ಸಂಜೆ ಚಹಾ ಕೊಡುವಾಗ ಫಕ್ರುನ್ನಿಸಾಳಿಗೆ ಕೇಳಿದೆ, "ಅಲ್ಲ ಆಪಾ, ನಿಮ್ಮಪ್ಪ ಹಿಂಗ ಮಾತು ಕೊಡೋದೇನು?"

"ಸೋರಿದ್ರ ತಾನೇ ಹರಿಯಣ್ಣ?" ಎಂದು ಅವಳು ಸೂಜಿಗೆ ದಾರ ಪೋಣಿಸಿದಳು.

ಎಂಬತ್ಮೂರನೆಯ ಇಸವಿಯ ಬೇಸಿಗೆಯಲ್ಲಿ ವಾಮನರಾವ್ ವಕೀಲರ ಕಾರು ಬಂತು. ಹೈದರಾಬಾದಿನ ಮಾವ ಕೊಟ್ಟದ್ದು. ಹುಡ್ ಹಿಂದಕ್ಕೆ ಮಡಚಿದರೆ ತೆರೆದ ಟಾಂಗಾ, ಎಳೆದು ಮುಂದಿನ ಗಾಜಿಗೆ ಸಿಕ್ಕಿಸಿದರೆ ಮುಚ್ಚಿದ ಕಾರು. ನಮ್ಮ ತಾಲೂಕಿನಲ್ಲಿ ಅಂಥದ್ದು ಅದೊಂದೇ. ವಕೀಲರಿಗೆ ಹೆಂಡತಿ ನರ್ಮದಾಬಾಯಿಗಿಂತ ಆ ಕಾರಿನ ಮೇಲೆ ಒಂದು ಗುಂಜಿ ಪ್ರೀತಿ ಹೆಚ್ಚು ಎಂದು ಸ್ವತಃ ನರ್ಮದಾಬಾಯಿಯೇ ಹೇಳುತ್ತಿದ್ದರು. ಡ್ರೈವರ್ ಖಂಡಪ್ಪನಂತೂ ಅದನ್ನು ಎತ್ತಿನಂತೆ ಸಾಕಿದ್ದ. ಗೊಬ್ಬೂರಿನವನು, ಮನೆ ತುಂಬ ಮಕ್ಕಳು, ಹೊಲವಿಲ್ಲ, ಬೇರೆ ಕಸುಬು ಬಾರದು.

ಹುಡ್ಡಿನ ಬಟ್ಟೆ ಗಟ್ಟಿಯಿತ್ತು. ಅದು ಗಾಜಿಗೂ ಬಾಗಿಲಿಗೂ ಕೂಡುವಲ್ಲಿದ್ದ ರಬ್ಬರ್ ಪಟ್ಟಿಗಳು ಮಾತ್ರ ಒಣಗಿ ಹಪ್ಪಳದಂತೆ ಮುರಿಯುತ್ತಿದ್ದವು. ಅಂಥ ಪಟ್ಟಿ ಗುಲ್ಬರ್ಗಾದಲ್ಲಿಲ್ಲ, ಹೈದರಾಬಾದಿನಲ್ಲೂ ಸಿಗಲಿಲ್ಲ. "ಅಳತಿ ತಗೊಂಡು ನಾನೇ ಮಾಡ್ತೇನ್ರಿ" ಎಂದಳು ಫಕ್ರುನ್ನಿಸಾ.

ಅಳತೆ ತೆಗೆದ ರೀತಿ ನೋಡಲು ಹೋಗಿ ನಾನು ಒಲೆಯ ಮೇಲಿನ ಹಾಲು ಉಕ್ಕಿಸಿಕೊಂಡೆ. ಮನೆಯಿಂದ ನಾದಿದ ಜೋಳದ ಹಿಟ್ಟು ತಂದು, ಸಣ್ಣ ಸಣ್ಣ ಉಂಡೆ ಮಾಡಿ, ಹುಡ್ ಕೂಡುವ ಅಂಚಿನುದ್ದಕ್ಕೂ ಸಾಲಾಗಿ ಅಂಟಿಸಿದಳು. ಹುಡ್ ಎಳೆದು ಬಿಗಿ ಮಾಡಿದಳು, ಮತ್ತೆ ಬಿಚ್ಚಿದಳು. ಎಲ್ಲಿ ಸಂದು ಸಣ್ಣದೋ ಅಲ್ಲಿ ಹಿಟ್ಟು ರೊಟ್ಟಿಯಾಗಿತ್ತು, ಎಲ್ಲಿ ದೊಡ್ಡದೋ ಅಲ್ಲಿ ಉಂಡೆ ಉಂಡೆಯಾಗಿಯೇ ಉಳಿದಿತ್ತು.

"ಗೋದಿ ಹಿಟ್ಟು ಯಾಕಾಗಬಾರ್ದು ತಂಗೀ?" ಖಂಡಪ್ಪ ಕೇಳಿದ.

"ಗೋದಿ ಹಿಟ್ಟು ಒತ್ತಿ ಬಿಟ್ರ ಹಿಂದಕ್ಕ ಬರ್ತದಣ್ಣ. ಜೋಳದ್ದು ಒತ್ತಿದಲ್ಲೇ ನಿಲ್ತದ, ಸುಳ್ಳ ಹೇಳಂಗಿಲ್ಲ."

ಆ ದಪ್ಪಕ್ಕೆ ಸರಿಯಾಗಿ, ಸೋಲಾಪುರದ ಗುಜರಿಯಿಂದ ತರಿಸಿದ ಲಾರಿ ಗಾಜಿನ ರಬ್ಬರನ್ನು ಬ್ಲೇಡಿನಿಂದ ಕೆತ್ತಿದಳು. ಕೂಡಿಸುವಾಗ ಖಂಡಪ್ಪ ಒಂದು ತುದಿ ಹಿಡಿದು ಜಗ್ಗಲು ಹೋದ. ಕೈಮೇಲೆ ಹೊಡೆದಳು. "ಜಗ್ಗಬ್ಯಾಡ್ರಿ. ಇವತ್ತು ಜಗ್ಗಿದ್ದು ಥಂಡಿ ಬಿದ್ದಾಗ ಕುಗ್ಗತದ, ಮೂಲ್ಯಾಗ ಬಾಯಿ ತೆರೀತದ." ಜಗ್ಗದೆ, ಬೆರಳಿನಿಂದ ಒಳಗೆ ದೂಡುತ್ತ ದೂಡುತ್ತ, ಸಲ್ಯೂಷನ್ ಅಂಟು ಹಚ್ಚಿ ಕೂಡಿಸಿದಳು. ಆಮೇಲೆ ತಾನೇ ಕಾರಿನೊಳಗೆ ಕೂತು ಹುಡ್ ಮುಚ್ಚಿಸಿ, ಮೇಲೆ ಕೊಡಗಟ್ಟಲೆ ನೀರು ಸುರಿಯಲು ಖಂಡಪ್ಪನಿಗೆ ಹೇಳಿದಳು. ಕೆಳಗೆ ಇಳಿದಾಗ ಅವಳ ಓಢಣಿಯ ಮೇಲೆ ಒಂದು ಹನಿ ಇರಲಿಲ್ಲ. ನಾನು ಬೆಂಚಿನ ಮೇಲಿದ್ದವರಿಗೆಲ್ಲ ಪುಕ್ಕಟೆ ಚಹಾ ಕೊಟ್ಟೆ. ಅಂಥ ತಪ್ಪು ನನ್ನಿಂದ ಮತ್ತೆ ಆಗಿಲ್ಲ.

ಆ ವರ್ಷದ ಮಳೆಗಾಲ ಪೂರ್ತಿ ಕಾರು ಸೋರಲಿಲ್ಲ. ಮಹಾನವಮಿ ಬಂತು. ಆವತ್ತು ನಮ್ಮ ಕಡೆ ಖಂಡೆ ಪೂಜೆ. ಕುಡುಗೋಲಿನಿಂದ ಹಿಡಿದು ಲಾರಿಯವರೆಗೆ, ಅನ್ನ ಕೊಡುವ ಎಲ್ಲ ಸಾಮಾನಿಗೂ ಸ್ನಾನ, ಎಣ್ಣೆ, ಕುಂಕುಮ. ಖಂಡಪ್ಪ ಕಾರು ತೊಳೆದ. ಹುಡ್ಡಿನ ಕೀಲುಗಳಿಗೆ ಎಣ್ಣೆ ಹಚ್ಚಿದ. ಹೊಸ ರಬ್ಬರ್ ಪಟ್ಟಿಗಳೂ ದೇವರ ಪಾಲಿನವೇ ಅಲ್ಲವೇ? ಮನೆಯ ಗಾಣದ ಕುಸುಬಿ ಎಣ್ಣೆಯನ್ನು ಅವಕ್ಕೂ ಉದ್ದಕ್ಕೂ ತಿಕ್ಕಿದ. ಪಟ್ಟಿಗಳು ಮಿರಿಮಿರಿ ಮಿಂಚಿದ್ದು ಅವನಿಗೆ ಎಷ್ಟು ಹಿಡಿಸಿತೆಂದರೆ, ಅಮಾವಾಸ್ಯೆಗೊಮ್ಮೆ ಹಾಗೇ ತಿಕ್ಕುವ ರೂಢಿ ಇಟ್ಟುಕೊಂಡ. ಎಣ್ಣೆ ಕುಡಿದ ರಬ್ಬರ್ ಉಬ್ಬಿ, ಮೆತ್ತಗಾಗಿ, ಕೊಳೆತು ಹೋಗುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ನಮ್ಮಲ್ಲಿ ರೊಟ್ಟಿಗೂ ತಲೆಗೂ ಗಾಡಿಯ ಕೀಲಿಗೂ ಕುಸುಬಿ ಎಣ್ಣೆಯೇ. ಅದು ಯಾವುದನ್ನಾದರೂ ಕೆಡಿಸೀತು ಎಂದು ಯಾರು ನೆನೆಸುತ್ತಾರೆ?

ಮುಂದಿನ ಮೃಗಶಿರ ಮಳೆಗೆ ಕಾರು ಜರಡಿಯಂತೆ ಸೋರಿತು. ಗುಲ್ಬರ್ಗಾ ಕೋರ್ಟಿಗೆ ಹೊರಟಿದ್ದ ವಕೀಲರು ಕರಿ ಕೋಟಿನ ತುಂಬ ನೀರು ಸುರಿಸುತ್ತ ನೇರ ಹುಡ್ ಅಂಗಡಿಗೆ ಬಂದಿಳಿದರು. ಸುದ್ದಿ ಹೇಗೆ ಮುಟ್ಟಿತೋ, ಅವರ ಹಿಂದೆಯೇ ಗೌಸಮೊಹಿದ್ದೀನ ಬಂದರು. ರಮಜಾನಿಗೆಂದು ಊರಿಗೆ ಬಂದಿದ್ದ ಮುರ್ತುಜಾನನ್ನೂ ಕರೆತಂದಿದ್ದರು.

"ಈ ಕಾರು ಯಾರು ಕೆಡಿಸ್ಯಾರ ನನಗ ಹೇಳ್ರಿ" ಎಂದು ವಕೀಲರು ಗುಡುಗಿದರು. "ಮಾಡಿದವ್ರ ತಪ್ಪೋ, ಇಟ್ಕೊಂಡವ್ರ ತಪ್ಪೋ? ಖಂಡಪ್ಪ, ನಿನ್ನಿಂದ ಆಗಿದ್ರ ಇವತ್ತೇ ಚಾವಿ ಕೆಳಗಿಟ್ಟು ಗೊಬ್ಬೂರಿಗೆ ಹೊಂಡು."

ಖಂಡಪ್ಪನಿಗೆ ಅಳು ಬಂದಿತ್ತು. "ನಾನು ಕಣ್ಣಾಗ ಎಣ್ಣಿ ಹಾಕ್ಕೊಂಡು ನೋಡ್ಕೊಂಡೀನ್ರಿ ಸಾಹೇಬ್ರ. ತಂಗೀ, ನೀನಾದ್ರೂ ನೋಡಿ ಹೇಳು."

ಫಕ್ರುನ್ನಿಸಾ ಬಗ್ಗಿ ಪಟ್ಟಿಯನ್ನು ಹಿಚುಕಿದಳು. ಬೆಲ್ಲದ ಪಾಕದಂತೆ ಬೆರಳಿಗೆ ಅಂಟಿತು. ಬೆರಳನ್ನು ಮೂಗಿನ ಹತ್ತಿರ ಒಯ್ದಳು. ಒಂದು ಚೂರು ಕಿತ್ತು ಅಪ್ಪನ ಅಂಗೈಯಲ್ಲಿಟ್ಟಳು. ಯಾಕೂಬಸಾಬರು ಅದನ್ನು ತಿಕ್ಕಿ ನೋಡಿದರು, ಮೂಸಿದರು, ಮುಖ ಎತ್ತಿದರು. ಮುರ್ತುಜಾನೂ ಕಾರಿನ ಹತ್ತಿರ ಹೋಗಿ ಪಟ್ಟಿ ಮುಟ್ಟಿ ಬಂದ. ಆ ಕಸುಬಿನವರು ಅಲ್ಲಿದ್ದದ್ದು ಆ ಮೂವರೇ. ಉಳಿದ ನಾವೆಲ್ಲ ಕುರುಡರು.

"ಬೇಟಾ, ಯಾರ ತಪ್ಪು ಇದು?" ಯಾಕೂಬಸಾಬರು ಕೇಳಿದರು.

ಅವಳು ಖಂಡಪ್ಪನ ಕಡೆ ನೋಡಿದಳು. ಅವನು ತಲೆಗೆ ಸುತ್ತಿದ್ದ ಟವೆಲ್ಲನ್ನು ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ.

"ನಂದೇ ಅಬ್ಬಾ" ಎಂದಳು. "ನನ್ನ ಕೈ ತಪ್ಪೇದ. ವಕೀಲ್ ಸಾಹೇಬ್ರ, ಹೊಸಾದು ಹಾಕಿ ಕೊಡ್ತೇನ್ರಿ."

ಗೌಸಮೊಹಿದ್ದೀನ ಗಡ್ಡ ನೀವಿಕೊಂಡರು. ಅವರೇನೂ ಹೇಳಬೇಕಾಗಿರಲಿಲ್ಲ. ಯಾಕೂಬಸಾಬರು ಸೊಂಟದ ದಾರದಿಂದ ಅಂಗಡಿಯ ಚಾವಿ ಬಿಚ್ಚಿದರು. ಬೆರಳುಗಳು ಗಂಟಿನ ಮೇಲೆ ತಡವರಿಸಿದವು, ಬಿಚ್ಚಿಕೊಡಲು ಯಾರೂ ಮುಂದೆ ಬರಲಿಲ್ಲ. ನನಗಂತೂ ಆ ಮುದುಕನ ಮಾತಿನ ನೇಮದ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಕೈಯಲ್ಲಿದ್ದ ಗ್ಲಾಸು ಕುಕ್ಕಿ ಒಡೆದೆ. ಯಾಕೂಬಸಾಬರು ಚಾವಿಯನ್ನು ಮುಂದೆ ಚಾಚಿದರು. "ಮುರ್ತುಜಾ, ತಗೋ."

ಮುರ್ತುಜಾ ತಗೊಂಡ. ಆಮೇಲೆ ನಡೆದು ಹೋಗಿ ಫಕ್ರುನ್ನಿಸಾಳ ಮಶಿನ್ನಿನ ಮೇಲೆ ಇಟ್ಟ.

"ಲೇ, ಏನ್ ಮಾಡಾಕತ್ತೀ?" ಅವನಪ್ಪ ಕೂಗಿದರು.

"ಬಡೇಅಬ್ಬಾ ನನಗ ಕೊಟ್ರು, ನಾ ಆಪಾಗ ಕೊಟ್ಟೆ" ಎಂದ ಮುರ್ತುಜಾ. ಅವಳ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದ, "ನಾ ಆಗಿದ್ರ ಹೆಸರು ಹೇಳಿಬಿಡ್ತಿದ್ದೆ ಆಪಾ."

ನನ್ನ ಕಿವಿಗೆ ಅದು ಬಿತ್ತು, ಅರ್ಥವಾಗಲಿಲ್ಲ. ರಾತ್ರಿ ರೋಜಾ ಉಪವಾಸ ಬಿಟ್ಟ ಮೇಲೆ ಯಾಕೂಬಸಾಬರ ಮುಂದೆ ಹಟ ಹಿಡಿದು ಕೂತು ಎಲ್ಲ ತಿಳಿದುಕೊಂಡೆ. ಹೇಳಿದ ಮೇಲೆ, ಯಾರ ಮುಂದೂ ಆಡಬಾರದೆಂದು ಅವರು ನನ್ನಿಂದಲೂ ಮಾತು ತಗೊಂಡರು. ಮಾತಿನ ಚಟ ಅವರನ್ನು ಸಾಯುವವರೆಗೂ ಬಿಡಲಿಲ್ಲ.

ಫಕ್ರುನ್ನಿಸಾ ಮತ್ತೆ ಜೋಳದ ಹಿಟ್ಟು ನಾದಿದಳು, ಮತ್ತೆ ಪಟ್ಟಿ ಕೆತ್ತಿ ಕೂಡಿಸಿದಳು. ಕಾರು ಕೊಡುವಾಗ ಖಂಡಪ್ಪನ ಕೈಗೆ ಒಂದು ಪೌಡರ್ ಡಬ್ಬಿ ಇಟ್ಟಳು. "ಇದು ಬ್ಯಾರೆ ಜಾತಿ ರಬ್ಬರ್ ಅಣ್ಣ. ಇದಕ್ಕ ಎಣ್ಣಿ ನಡೆಯಂಗಿಲ್ಲ, ಪೌಡರ್ ಆಗಬೇಕು." ಅಂದಿನಿಂದ ಪ್ರತಿ ಖಂಡೆ ಪೂಜೆಗೆ ಖಂಡಪ್ಪ ಕಾರಿಗೆ ಮದುಮಗನ ಹಾಗೆ ಪೌಡರ್ ಬಳಿಯುತ್ತಿದ್ದ. ಊರ ಮಂದಿ ನಕ್ಕರೆ "ಆಪಾ ಹೇಳ್ಯಾಳ" ಎನ್ನುತ್ತಿದ್ದ.

ಯಾಕೂಬಸಾಬರು ತೀರಿಕೊಂಡರು. ಮುರ್ತುಜಾ ಸೋಲಾಪುರದಲ್ಲೇ ಸ್ವಂತ ಅಂಗಡಿ ಹಾಕಿದ, ಬಿಡಿಸಲಾಗದ ಕೆಲಸ ಬಂದರೆ ಬಸ್ಸಿನಲ್ಲಿ ಆಳಂದಕ್ಕೆ ಕಳಿಸುತ್ತಿದ್ದ. ಆಪಾ ಕೂಡಿಸಿದ ಪಟ್ಟಿ ಎಂದರೆ ಅಫಜಲಪುರ, ಜೇವರ್ಗಿಯ ಜೀಪುಗಳೂ ಹುಡುಕಿಕೊಂಡು ಬರುತ್ತಿದ್ದವು.

ಮೊನ್ನೆ ತೊಂಬತ್ತಾರರ ಮಳೆಗಾಲದಲ್ಲಿ ಖಂಡಪ್ಪ ಬಂದಿದ್ದ. ಈಗ ಕಾರು ಅವನ ಮಗ ಓಡಿಸುತ್ತಾನೆ. ಹೊರಗೆ ಮಳೆ ಹೊಡೆಯುತ್ತಿತ್ತು, ಹುಡ್ ಮುಚ್ಚಿದ ಕಾರು ಅಂಗಡಿಯ ಮುಂದೆ ನಿಂತಿತ್ತು, ಒಳಗೆಲ್ಲ ಒಣ. ಹೊಸ ಗಿರಾಕಿಯೊಬ್ಬನಿಗೆ ಖಂಡಪ್ಪ ಅಭಿಮಾನದಿಂದ ಹೇಳುತ್ತಿದ್ದ, "ಇಷ್ಟು ವರ್ಷದಾಗ ತಂಗಿ ಕೈ ತಪ್ಪಿದ್ದು ಒಂದೇ ಸಲ ನೋಡ್ರಿ, ನಮ್ಮ ಇದೇ ಕಾರಿಗೆ. ನಾ ಅಷ್ಟು ಜ್ವಾಪಾನ ಮಾಡಿದ್ರೂ ಸೋರಿತ್ತು. ಆದ್ರ ತಪ್ಪು ಅಂತ ತಾನೇ ಒಪ್ಕೊಂಡ್ಳು. ಮನಸು ದೊಡ್ಡದು."

ನನ್ನ ನಾಲಿಗೆ ತುದಿಗೆ ಬಂದಿತ್ತು. ಯಾಕೂಬಸಾಬರೂ ಇಲ್ಲ, ಮಾತೂ ಇಲ್ಲ, ಹೇಳಿಯೇಬಿಡೋಣ ಎಂದು ಬಾಯಿ ತೆರೆದೆ. ಫಕ್ರುನ್ನಿಸಾ ಮಶಿನ್ ನಿಲ್ಲಿಸಿ ನನ್ನನ್ನು ನೋಡಿದಳು. ಬಾಯಿ ಮುಚ್ಚಿಕೊಂಡೆ.

"ಹೌದ್ರಿ ಖಂಡಪ್ಪಣ್ಣ" ಎಂದಳು, "ಆ ಸಲ ಒಂದು ತಪ್ಪಿತ್ತು." ಮತ್ತೆ ಮಶಿನ್ ತುಳಿಯತೊಡಗಿದಳು.