ಶಾಲು ಹೊದೆಸಿ ಕಳಿಸಿದ ಮ್ಯಾನೇಜರು

ಯೋಗ ಹೇಳಿಕೊಡುತ್ತಿದ್ದವರು ಮಗಳ ಬಾಣಂತನಕ್ಕೆಂದು ಕ್ಯಾಲ್ಗರಿಗೆ ಹೋದದ್ದರಿಂದ ನಾವು ಫುಟ್ಬಾಲ್ ಆಡಲು ಶುರುಮಾಡಿದೆವು. ಕೆನಡಾದ ಮಿಸಿಸಾಗದ ಕಮ್ಯುನಿಟಿ ಸೆಂಟರಿನ ಹಾಲು ಮಂಗಳವಾರ ಬೆಳಗಿನ ಹೊತ್ತಿಗೆ ನಮ್ಮ ಹಿರಿಯರ ಬಳಗದ ಹೆಸರಿನಲ್ಲಿ ಮೊದಲೇ ಬುಕ್ ಆಗಿತ್ತು. ಬಿಟ್ಟುಕೊಟ್ಟರೆ ಲೈನ್ ಡ್ಯಾನ್ಸಿನವರು ತೆಗೆದುಕೊಳ್ಳುತ್ತಾರೆ, ಆಮೇಲೆ ವಾಪಸ್ ಸಿಗುವುದಿಲ್ಲ ಎಂದು ಬಳಗದ ಅಧ್ಯಕ್ಷರು ಹೇಳಿದರು. ಅವರು ಮೈಸೂರಿನವರು, ನಿವೃತ್ತ ಎಂಜಿನಿಯರು. ಕೈಗೆ ಬಂದದ್ದನ್ನು ಬಿಟ್ಟುಕೊಡುವವರಲ್ಲ.

ಸೆಂಟರಿನವರು ನಡಿಗೆ ಫುಟ್ಬಾಲ್ ಆಡಿ ಎಂದರು. ಅದನ್ನು ಗಂಡಸರೂ ಹೆಂಗಸರೂ ಒಟ್ಟಿಗೆ ಆಡಬಹುದು, ಆದರೆ ಓಡುವಂತಿಲ್ಲ. ಓಡಿದರೆ ಫೌಲು. ನಮ್ಮಲ್ಲಿ ಹೆಚ್ಚಿನವರಿಗೆ ಈ ನಿಯಮ ಪಾಲಿಸುವುದು ಕಷ್ಟವಾಗಲಿಲ್ಲ. ನಾನು ಗೋಲ್‌ಕೀಪರ್ ಆದೆ. ಅದಕ್ಕೆ ನಡೆಯುವುದೂ ಬೇಕಾಗಿರಲಿಲ್ಲ.

ಹೇಳಿಕೊಡಲು ಸೆಂಟರಿನವರು ಒಬ್ಬ ಸ್ವಯಂಸೇವಕರನ್ನು ಕಳಿಸಿದರು. ಎಪ್ಪತ್ತು ದಾಟಿದ ಸ್ಕಾಟ್ಲೆಂಡಿನವರು, ಎತ್ತರದ ಆಳು, ಬಲಗಾಲು ಸ್ವಲ್ಪ ಎಳೆಯುತ್ತಿದ್ದರು. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಜಮೈಕಾದವರ, ಫಿಲಿಪೀನ್ಸಿನವರ, ನಮ್ಮ ಉಡುಪಿಯವರ ಇಂಗ್ಲಿಷನ್ನೂ ಸಲೀಸಾಗಿ ಅರ್ಥಮಾಡಿಕೊಂಡಿದ್ದೆ. ಇವರು ಮಾತಾಡಿದ್ದು ಇಂಗ್ಲಿಷ್ ಎಂದು ತಿಳಿಯಲು ಎರಡು ಮಂಗಳವಾರ ಬೇಕಾಯಿತು.

ನಾವು ಅವರನ್ನು ಕೋಚ್ ಎಂದು ಕರೆದಾಗ ತಿದ್ದಿದರು. “ನಾನು ಮ್ಯಾನೇಜರ್. ಯಾರು ಆಡಬೇಕು, ಯಾರು ಕೂರಬೇಕು ಎಂದು ತೀರ್ಮಾನಿಸುವವನು ಮ್ಯಾನೇಜರ್.”

ನಮ್ಮೂರ ಕಡೆ ಮ್ಯಾನೇಜರ್ ಎಂದರೆ ಬ್ಯಾಂಕಿನವರು. ಅದನ್ನು ಹೇಳಿದೆ. ಅವರಿಗೂ ಸ್ವಲ್ಪ ಮರ್ಯಾದೆ ಇರುತ್ತದೆಯಲ್ಲ ಎಂದರು.

ಕಣ್ಣಿನ ತೊಂದರೆಯಿಂದ ಅವರು ಕಾರು ಓಡಿಸುವುದನ್ನು ಬಿಟ್ಟಿದ್ದರು. ಅವರ ಅಪಾರ್ಟ್‌ಮೆಂಟು ನನ್ನ ದಾರಿಯಲ್ಲೇ ಇದ್ದುದರಿಂದ ಮಂಗಳವಾರ ನಾನೇ ಬಿಟ್ಟುಬರುತ್ತಿದ್ದೆ. ಹುರೊಂಟಾರಿಯೊ ರಸ್ತೆಯಲ್ಲಿ ರೈಲಿನ ಹಳಿ ಹಾಕುವ ಕೆಲಸ ನಡೆದಿತ್ತು. ಕಾರುಗಳು ನಮ್ಮ ಫುಟ್ಬಾಲಿಗಿಂತ ನಿಧಾನವಾಗಿ ಚಲಿಸುತ್ತಿದ್ದವು. ಹಾಗಾಗಿ ಅವರ ಪೂರ್ತಿ ಕತೆ ಕೇಳಲು ನನಗೆ ಸಮಯ ಸಿಕ್ಕಿತು.

ಅವರ ತಂದೆ ಕಲ್ಲಿದ್ದಲ ಗಣಿಯಲ್ಲಿದ್ದರು. ಮಗ ಹದಿನೇಳನೆಯ ವಯಸ್ಸಿಗೆ ಊರಿನ ಸಣ್ಣ ಕ್ಲಬ್ಬಿಗೆ ಸೇರಿದ. ಎಡಬದಿಯ ಹಿಂಭಾಗದಲ್ಲಿ ನಿಂತು ಎದುರಿನವರನ್ನು ತಡೆಯುವುದು ಅವನ ಕೆಲಸ. ಅದನ್ನೇ ವರ್ಷಗಟ್ಟಲೆ ಮಾಡಿದ. ಒಮ್ಮೆ ದೇಶದ ತಂಡದಿಂದಲೂ ಕರೆ ಬಂತು. ಬದಲಿ ಆಟಗಾರನಾಗಿ ಬೆಂಚಿನ ಮೇಲೆ ಕೂರಿಸಿದರು. ಮಧ್ಯಂತರದ ಹೊತ್ತಿಗೆ ಮಂಜು ಕವಿದು ಚೆಂಡೇ ಕಾಣದಾಯಿತು, ಪಂದ್ಯ ರದ್ದಾಯಿತು. ಮತ್ತೆ ಕರೆಯಲಿಲ್ಲ.

“ಹಾಗಾದರೆ ನೀವು ದೇಶದ ತಂಡದಲ್ಲಿ ಇದ್ದಿರಿ ಎನ್ನಬಹುದಾ?” ಎಂದು ಕೇಳಿದೆ.

“ತುಂಬ ಚಳಿ ಇತ್ತು,” ಎಂದರು.

ಮೊಣಕಾಲು ಕೆಟ್ಟ ವರ್ಷವೇ ಆ ಕ್ಲಬ್ಬಿನ ಮ್ಯಾನೇಜರು ಬಿಟ್ಟುಹೋದರು, ಆ ಜಾಗಕ್ಕೆ ಇವರನ್ನು ಹಾಕಿದರು. ಮೊದಲ ವಾರವೇ ತನ್ನ ಗೆಳೆಯನನ್ನು ತಂಡದಿಂದ ಕೈಬಿಡಬೇಕಾಯಿತು. ಇವರ ಮದುವೆಯಲ್ಲಿ ಪಕ್ಕದಲ್ಲಿ ನಿಂತಿದ್ದ ಗೆಳೆಯ. ಅವನಿಗೆ ವಯಸ್ಸಾಗಿತ್ತು, ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

“ಆಮೇಲೆ ಮಾತಾಡಿದರಾ?”

“ಇಲ್ಲ.”

“ಈಗ?”

“ಈಗ ಅವನಿಲ್ಲ.” ಸಿಗ್ನಲ್ ಹಸಿರಾಯಿತು. ಮುಂದಿನ ಕಾರು ಹೊರಡಲಿಲ್ಲ, ನಾನು ಹಾರ್ನ್ ಮಾಡಲಿಲ್ಲ.

ಒಟ್ಟು ಮೂರು ಕ್ಲಬ್ಬುಗಳು ಅವರನ್ನು ಕೆಲಸದಿಂದ ತೆಗೆದವು. ಮೊದಲನೆಯವರು ಫೋನು ಮಾಡಿ ತಿಳಿಸಿದರು. ಎರಡನೆಯದನ್ನು ಅವರು ಕ್ಷೌರದಂಗಡಿಯಲ್ಲಿ ಕೂತಾಗ ರೇಡಿಯೊದಲ್ಲಿ ಕೇಳಿದರು; ಅರ್ಧ ಕ್ಷೌರ ಆಗಿದ್ದರಿಂದ ಎದ್ದು ಬರುವಂತಿರಲಿಲ್ಲ. ಮೂರನೆಯ ಸಲ ಬೆಳಿಗ್ಗೆ ಕೆಲಸಕ್ಕೆ ಹೋದರೆ, ಕಾರು ನಿಲ್ಲಿಸುವ ಜಾಗದಲ್ಲಿ ಬರೆದಿದ್ದ ಅವರ ಹೆಸರಿಗೆ ಒಬ್ಬ ಬಣ್ಣ ಬಳಿಯುತ್ತಿದ್ದ. “ಪಕ್ಕಕ್ಕೆ ನಿಲ್ಲಿಸಿ ಸಾರ್, ಇಲ್ಲಿ ಹಸಿ ಇದೆ” ಎಂದನಂತೆ. ಆಮೇಲೆ ಹೆಂಡತಿಯ ಅಣ್ಣ ಕೆನಡಾಕ್ಕೆ ಕರೆಸಿಕೊಂಡರು. ನಿವೃತ್ತರಾಗುವವರೆಗೆ ಇಲ್ಲಿನ ಶಾಲೆಯೊಂದರಲ್ಲಿ ಕಟ್ಟಡ ನೋಡಿಕೊಳ್ಳುವ ಕೆಲಸ ಮಾಡಿದರು. ಹೆಂಡತಿ ತೀರಿಕೊಂಡ ಮೇಲೆ ಸೆಂಟರಿಗೆ ಬರತೊಡಗಿದರು.

ಬೇಸಿಗೆಯಲ್ಲಿ ರಿಚ್ಮಂಡ್ ಹಿಲ್ಲಿನ ಮೈದಾನದಲ್ಲಿ ಹಿರಿಯರ ತಂಡಗಳ ಟೂರ್ನಮೆಂಟು ಇತ್ತು. ಜೆರ್ಸಿ ಮಾಡಿಸಿದ್ದು, ವ್ಯಾನು ಗೊತ್ತುಮಾಡಿದ್ದು, ಬಿಸಿಬೇಳೆಬಾತು ತಂದದ್ದು ಎಲ್ಲ ಅಧ್ಯಕ್ಷರು. ಮ್ಯಾನೇಜರು ಆಡುವವರ ಹೆಸರು ಓದಿದರು. ಅದರಲ್ಲಿ ಅಧ್ಯಕ್ಷರಿರಲಿಲ್ಲ.

“ನನ್ನ ಹೆಸರು ಬಿಟ್ಟೋಯ್ತು ಅನ್ಸುತ್ತೆ,” ಎಂದು ಅಧ್ಯಕ್ಷರು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಹೇಳಿದರು.

“ಬಿಟ್ಟುಹೋಗಿಲ್ಲ. ನೀವು ಓಡುತ್ತೀರಿ,” ಎಂದರು ಮ್ಯಾನೇಜರು.

ಅದು ನಿಜವಾಗಿತ್ತು. ಚೆಂಡು ಕಂಡರೆ ಅಧ್ಯಕ್ಷರಿಗೆ ಓಡದೆ ಇರಲು ಆಗುತ್ತಿರಲಿಲ್ಲ, ಎದುರಿನವರಿಗೆ ಪುಕ್ಕಟೆ ಫ್ರೀ ಕಿಕ್ಕು ಸಿಗುತ್ತಿತ್ತು. ಆ ದಿನ ಅವರು ಬೆಂಚಿನ ಮೇಲೆ ಜೆರ್ಸಿ ಹಾಕಿಕೊಂಡೇ ಕೂತರು. ನಾವು ಟ್ರಿನಿಡಾಡಿನವರ ತಂಡವನ್ನು ಒಂದು ಗೋಲಿನಿಂದ ಸೋಲಿಸಿದೆವು. ನಮ್ಮ ಬಳಗ ಯಾವುದರಲ್ಲಾದರೂ ಗೆದ್ದದ್ದು ಅದೇ ಮೊದಲು. ವ್ಯಾನಿನಲ್ಲಿ ಬರುವಾಗ ಬಿಸಿಬೇಳೆಬಾತಿನ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಹೇಳಬೇಕಿತ್ತು ಎಂದು ಆಮೇಲೆ ಗೊತ್ತಾಯಿತು.

ಮುಂದಿನ ಭಾನುವಾರ ಅಧ್ಯಕ್ಷರ ಬೇಸ್‌ಮೆಂಟಿನಲ್ಲಿ ಮೀಟಿಂಗು. ಮ್ಯಾನೇಜರಿಗೆ ವಯಸ್ಸಾಗಿದೆ, ಕಾಲುನೋವಿದೆ, ಅವರಿಗೆ ತೊಂದರೆ ಕೊಡುವುದು ಬೇಡ ಎಂಬ ಮಾತು ಬಂತು.

“ಅವರು ಎಂತ ತಪ್ಪು ಮಾಡಿದ್ದು? ನಾವು ಗೆದ್ದದ್ದಲ್ವಾ?” ಎಂದೆ.

“ತಪ್ಪು ಅಂತ ಯಾರಂದ್ರು ಮೇಡಂ? ಗೌರವವಾಗಿ ಬೀಳ್ಕೊಡೋಣ ಅಂತಿದೀವಿ. ಒಂದು ಸನ್ಮಾನ ಇಟ್ಕೊಳ್ಳೋಣ,” ಎಂದರು ಅಧ್ಯಕ್ಷರು.

ಬೇಡ ಎಂದು ಕೈ ಎತ್ತಿದವಳು ನಾನೊಬ್ಬಳೇ. ನನ್ನ ಗಂಡ ಎತ್ತಬೇಕೆಂದಿದ್ದರಂತೆ, ಕೈಯಲ್ಲಿ ಉಪ್ಪಿಟ್ಟಿನ ಪ್ಲೇಟಿತ್ತು.

ಜೆರಾರ್ಡ್ ಬೀದಿಯ ಇಂಡಿಯನ್ ಅಂಗಡಿಯಿಂದ ಶಾಲು, ಹಾರ ಬಂದವು. ಮೈಸೂರು ಪೇಟ ಅಧ್ಯಕ್ಷರ ಮನೆಯಲ್ಲೇ ಇತ್ತು. ಹಾಲಿನಲ್ಲಿ ಕುರ್ಚಿ ಹಾಕಿ ಮ್ಯಾನೇಜರನ್ನು ಕೂರಿಸಿದೆವು. ಅವರ ತಲೆ ದೊಡ್ಡದು, ಪೇಟ ಮೇಲೆಯೇ ನಿಂತಿತು. ಅಧ್ಯಕ್ಷರು ಅವರ ಶಿಸ್ತು, ತಾಳ್ಮೆ, ದೂರದೃಷ್ಟಿಯನ್ನು ಹೊಗಳಿದರು. ಮ್ಯಾನೇಜರು ನೇರವಾಗಿ ಕೂತು ಪೂರ್ತಿ ಕೇಳಿದರು, ಎದ್ದು ಅಧ್ಯಕ್ಷರ ಕೈ ಕುಲುಕಿದರು, ಎರಡು ಬಟ್ಟಲು ಶಾವಿಗೆ ಪಾಯಸ ತಿಂದರು.

ಕಾರಿನಲ್ಲಿ ನಾನು ಹೇಗೆ ಹೇಳುವುದೆಂದು ಯೋಚಿಸುತ್ತಿದ್ದೆ. ಅವರೇ ಹೇಳಿದರು.

“ನಮ್ಮ ಕಡೆ ಕ್ಲಬ್ಬಿನ ಚೇರ್‌ಮನ್ನರು ಹೊಗಳಿದ ಮೇಲೆ ತೆಗೆಯಲು ಒಂದು ವಾರ ಕಾಯುತ್ತಾರೆ. ನಿಮ್ಮವರು ಒಂದೇ ದಿನದಲ್ಲಿ ಮುಗಿಸಿದರು. ಊಟವೂ ಚೆನ್ನಾಗಿತ್ತು.”

“ಬೇಸರವಾಯಿತಾ?”

“ಈ ಸಲ ತೆಗೆಯಲಾರರು ಅಂದುಕೊಂಡಿದ್ದೆ. ಸಂಬಳ ಇರಲಿಲ್ಲವಲ್ಲ,” ಎಂದರು. ಮನೆ ತಲುಪಿದಾಗ ಶಾಲನ್ನು ಹೇಗೆ ಒಗೆಯಬೇಕೆಂದು ಕೇಳಿದರು. ಒಗೆಯಬೇಡಿ, ಗಾಳಿಗೆ ಹಾಕಿ ಎಂದೆ.

ಅಧ್ಯಕ್ಷರೇ ಮ್ಯಾನೇಜರಾದರು. ಮೊದಲ ಮಂಗಳವಾರ ಯಾರನ್ನೂ ಕೈಬಿಡದೆ ಬಂದವರನ್ನೆಲ್ಲ ಒಟ್ಟಿಗೆ ಇಳಿಸಿದರು. ಚೆಂಡಿಗೆ ಜಾಗವಿರಲಿಲ್ಲ. ಆಗ ಬಾಗಿಲು ತೆರೆದು ಹಳೆಯ ಮ್ಯಾನೇಜರು ಶೂ ಹಿಡಿದುಕೊಂಡು ಬಂದರು. ತಾನೂ ಹಿರಿಯ ನಾಗರಿಕ, ಆಟಗಾರನಾಗಿ ಸೇರಬಹುದೇ ಎಂದು ಅಧ್ಯಕ್ಷರನ್ನು ಕೇಳಿದರು. ಕೂಡದೆನ್ನಲು ಅಧ್ಯಕ್ಷರಿಗೆ ಕಾರಣ ಸಿಗಲಿಲ್ಲ.

ಅವರು ನನ್ನ ಮುಂದೆ ಎಡಬದಿಯಲ್ಲಿ ನಿಂತರು. ಆ ಕಾಲೆಳೆದುಕೊಂಡೇ ಎರಡು ಹೆಜ್ಜೆ ಇಡುವರು, ಚೆಂಡು ತಂದವನು ತಾನಾಗಿಯೇ ಕೊಟ್ಟಂತೆ ಕೊಟ್ಟುಹೋಗುವನು. ಚಳಿಗಾಲವಿಡೀ ನನಗೆ ಆ ಬದಿಯಿಂದ ಕೆಲಸವೇ ಬರಲಿಲ್ಲ. ಅಧ್ಯಕ್ಷರು ಮುಂದೆ ಹೋಗಿ ಎಂದರೆ ಮುಂದೆ, ಹಿಂದೆ ಬನ್ನಿ ಎಂದರೆ ಹಿಂದೆ. ತಪ್ಪು ಹೇಳಿದಾಗಲೂ ಎದುರಾಡಲಿಲ್ಲ.

ಮರುವರ್ಷದ ಟೂರ್ನಮೆಂಟಿಗೆ ಒಬ್ಬರು ಹೆಚ್ಚಾಗಿದ್ದರು. ಅಧ್ಯಕ್ಷರು ಹಳೆಯ ಮ್ಯಾನೇಜರ ಹತ್ತಿರ ಹೋಗಿ ಮೆಲ್ಲಗೆ ಕೇಳಿದರು, “ಯಾರನ್ನು ಬಿಡಲಿ?”

“ಅದು ನಿಮ್ಮ ಕೆಲಸ,” ಎಂದರು ಅವರು, ಲೇಸು ಕಟ್ಟುತ್ತಾ.

ಅಧ್ಯಕ್ಷರು ಎಲ್ಲರ ಮುಖ ನೋಡಿದರು. ಆಮೇಲೆ ತಮ್ಮ ಸೊಂಟ ಹಿಡಿದುಕೊಂಡಿದೆ ಎಂದು ಹೇಳಿ ಬೆಂಚಿನ ಮೇಲೆ ಹೋಗಿ ಕೂತರು. ನಾವು ಸೆಮಿಫೈನಲಿನಲ್ಲಿ ಪೋರ್ಚುಗೀಸರಿಗೆ ಸೋತೆವು. ಹಿಂದಿರುಗುವಾಗ ವ್ಯಾನಿನ ಹಿಂದಿನ ಸೀಟಿನಲ್ಲಿ ಅವರಿಬ್ಬರೂ ಅಕ್ಕಪಕ್ಕ ಕೂತು, ಪಂದ್ಯ ಹೋದದ್ದು ಗೋಲ್‌ಕೀಪರಾದ ನನ್ನ ತಪ್ಪಿನಿಂದ ಎಂದು ಒಮ್ಮತಕ್ಕೆ ಬಂದರು.