ಅವ್ವನ ಹೆಸರಿನ ರೇಡಿಯೋ

ವಿಜಯಪುರದ ಬಸ್ ನಿಲ್ದಾಣದ ಹತ್ತಿರ ಹೊಸದೊಂದು ಚಹಾದಂಗಡಿ ಆಗಿದೆ. ಚಂದಕ್ಕೆಂದು ಅಲ್ಲಿ ಹಳೆಯ ರೇಡಿಯೋ ಒಂದನ್ನು ಇಟ್ಟಿದ್ದಾರೆ. ಮೊನ್ನೆ ಅದನ್ನು ನೋಡುತ್ತ ಕೂತು ನನ್ನ ಚಹಾ ಆರಿಹೋಯಿತು. ಅಂಥದೇ ರೇಡಿಯೋಕ್ಕಾಗಿ ನಮ್ಮವ್ವ ಎಷ್ಟು ಕುಪ್ಪಸ ಹೊಲಿದಳೋ ದೇವರೇ ಬಲ್ಲ.

ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಅಪ್ಪ ತಿಕೋಟಾದಲ್ಲಿ ಸಾಲಿ ಮಾಸ್ತರ. ಈಗ ಒಂದು ದಿನದ ಕೂಲಿಗೆ ರೇಡಿಯೋ ಸಿಕ್ಕೀತು. ಆಗ ಬ್ಯಾಟರಿ ಮೇಲೆ ನಡೆಯುವ ರೇಡಿಯೋ ಅಂದರೆ ಅಪ್ಪನ ನಾಲ್ಕು ತಿಂಗಳ ಪಗಾರ. ಅಷ್ಟೂ ದಿನ ಮನೆಮಂದಿಯೆಲ್ಲ ಗಾಳಿ ಕುಡಿದು ಬದುಕಬೇಕಿತ್ತು! ಅಪ್ಪ ಆ ಮಾತೇ ಎತ್ತುತ್ತಿರಲಿಲ್ಲ. ಎತ್ತಿದವಳು ಅವ್ವ. ಹೊಲಿಗೆ ಮಷೀನಿನ ಕಟಕಟ ಬಿಟ್ಟು ಬೇರೆ ಹಾಡು ಬೇಕಿತ್ತು ಅವಳಿಗೆ. ಹೊಸ ಸೀರೆ ಬೇಡವೆಂದಳು, ಊರ ಹೆಂಗಸರ ಕುಪ್ಪಸವೆಲ್ಲ ಹೊಲಿದಳು. ನಾನೂ ಹುಕ್ಕು ಹಚ್ಚಲು ಹೋಗಿ, ಯಾರದೋ ಕುಪ್ಪಸಕ್ಕೆ ನನ್ನ ಅಂಗಿಯನ್ನೇ ಸೇರಿಸಿ ಹೊಲಿದು ಉಪಕಾರ ಮಾಡಿದೆ.

ಸುದ್ದಿ ಬಬಲೇಶ್ವರದ ದೊಡ್ಡಪ್ಪನಿಗೆ ಮುಟ್ಟಿತು. ಅವನ ಮುಂದೆ ಅಪ್ಪ ಎಂದೂ ಇಲ್ಲ ಅಂದವನಲ್ಲ. ಅಪ್ಪನ ಸೈಕಲ್ಲು, ಕೈಗಡಿಯಾರ ಆಗಲೇ ಬಬಲೇಶ್ವರಕ್ಕೆ ಹೋಗಿ ಅಲ್ಲೇ ಸಂಸಾರ ಹೂಡಿದ್ದವು. ಈಗ ರೇಡಿಯೋ ಇಡಲು ದೊಡ್ಡಪ್ಪ ಗೋಡೆಯ ಗೂಡಿಗೆ ಸುಣ್ಣ ಬಳಿಸಿದ್ದಾನೆಂದು ಕೇಳಿ ಅವ್ವ ಊಟ ಬಿಟ್ಟು ಎದ್ದಳು.

ರೇಡಿಯೋ ಇಟ್ಟುಕೊಳ್ಳಲು ಆಗ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಿತ್ತು. ಆಗ ವಿಜಾಪುರ ಅನ್ನುತ್ತಿದ್ದ ಇದೇ ಊರಲ್ಲಿ ರೇಡಿಯೋ ಕೊಂಡು ನೇರ ಅಂಚೆ ಕಚೇರಿಗೇ ಹೋದೆವು. ಅಪ್ಪ ರೇಡಿಯೋ ಕಾಯುತ್ತ ಹೊರಗೆ ಟಾಂಗಾದಲ್ಲಿ ಕೂತ.

"ಯಜಮಾನರ ಹೆಸರೇನ್ರಿ?" ಗುಮಾಸ್ತ ಕೇಳಿದ.

ಹೆಂಡತಿ ಗಂಡನ ಹೆಸರು ಹೇಳುವ ರೂಢಿ ನಮ್ಮಲ್ಲಿರಲಿಲ್ಲ. ಅವ್ವ ಸೆರಗು ಸರಿಮಾಡಿಕೊಂಡಳು. "ಗಂಡನ ಹೆಸರ ನಾ ಹ್ಯಾಂಗ ಹೇಳ್ಲಿರಿ? ನನ್ನ ಹೆಸರ ಬರೀರಿ, ನೀಲವ್ವ ಅಂತ."

"ಹೊರಗ ಅದಾರಲ್ಲ, ಅವರನ್ನ ಕರೀರಿ."

"ರೊಕ್ಕ ಕೊಟ್ಟಾಕಿ ನಾ ಇಲ್ಲೇ ಅದೀನಲ್ರಿ!"

ನಾನು ಜಾಣತನದಿಂದ ಅಪ್ಪನ ಹೆಸರು ಹೇಳಲು ಬಾಯಿ ತೆರೆದೆ. ಅವ್ವ ನನ್ನ ಕಾಲು ತುಳಿದಳು. ಗುಮಾಸ್ತ ನಕ್ಕು, ನೀಲವ್ವ ಎಂದೇ ಬರೆದ.

ವಾರ ಕಳೆಯುವುದರೊಳಗೆ ದೊಡ್ಡಪ್ಪ ಚಕ್ಕಡಿ ಹೂಡಿಕೊಂಡು ಬಂದ. "ರೇಡಿಯೋ ಹೇರು ತಮ್ಮಾ, ಒಯ್ತೇನಿ."

ಅಪ್ಪ ನೆಲ ನೋಡಿದ. ಆಮೇಲೆ ನಿಧಾನಕ್ಕೆ ತಲೆ ಎತ್ತಿದ. "ಅದು ನಂದಲ್ಲಣ್ಣಾ. ಲೈಸೆನ್ಸ್ ಆಕಿ ಹೆಸರಿಗೈತಿ. ಆಕಿನ್ನ ಕೇಳು."

ಕೇಳುವುದು ಹೇಗೆ? ತಮ್ಮನ ಹೆಂಡತಿಯ ಜೊತೆ ಭಾವ ನೇರವಾಗಿ ಮಾತಾಡುವ ಪದ್ಧತಿಯೇ ಇರಲಿಲ್ಲ. ದೊಡ್ಡಪ್ಪ ಕೆಮ್ಮಿದ. ತಲೆಯ ಪಟಕ ಬಿಚ್ಚಿ ಮತ್ತೆ ಸುತ್ತಿದ. ಒಳಗಿಂದ ಅವ್ವ ನನಗೆ ಕೂಗಿ ಹೇಳಿದಳು, "ದೊಡ್ಡಪ್ಪಗ ಚಾ ಕೊಡು. ಹಾಡ ಹಚ್ಚು."

ರೇಡಿಯೋ ಗುರುಗುಟ್ಟಿ ಧಾರವಾಡ ಹಿಡಿಯಿತು. ದೊಡ್ಡಪ್ಪ ಚಹಾ ಕುಡಿದು, ಹಾಡು ಕೇಳಿ, ಬರಿ ಚಕ್ಕಡಿ ಹೊಡೆದುಕೊಂಡು ಹೋದ. ಅಂದು ಇಡೀ ಓಣಿ ನಮ್ಮ ಕಟ್ಟೆಯ ಮೇಲಿತ್ತು. ನನಗಂತೂ ಊರು ಗೆದ್ದಷ್ಟು ಖುಷಿ.

"ನಿಮ್ಮ ತಂದಿಯವರ ಹತ್ರನೂ ಇಂಥಾ ರೇಡಿಯೋ ಇತ್ತೇನ್ರಿ?" ಚಹಾದಂಗಡಿಯವನು ಕೇಳುತ್ತಿದ್ದ.

ಇಷ್ಟು ವರ್ಷ ಯಾರು ಹೀಗೆ ಕೇಳಿದರೂ ಹೂಂ ಅಂದು ಸುಮ್ಮನಾಗುತ್ತಿದ್ದೆ. ಈ ಸಲ ಮನಸ್ಸು ಒಪ್ಪಲಿಲ್ಲ.

"ಇಲ್ರಿ," ಎಂದೆ, ಅಂಗಡಿಯವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ. "ನಮ್ಮಪ್ಪಂದಲ್ಲ. ನಮ್ಮವ್ವ ನೀಲವ್ವಂದು!"