ಅವ್ವ ಎತ್ತಿದ ರಿಸೀವರ್

ಪಿರಿಯಾಪಟ್ಟಣದಲ್ಲಿ ನಮ್ಮ ಕಚೇರಿ ಇದ್ದದ್ದು ಒಬ್ಬ ಅವ್ವನ ಮನೆಯ ಮುಂದಿನ ಕೋಣೆಯಲ್ಲಿ. ಫೋನ್ ಲೈನೂ ಅವರದೇ. ಒಳಮನೆಯಲ್ಲಿ ಅವರ ಫೋನು, ಅದೇ ಲೈನಿಗೆ ಈಚೆ ನನ್ನ ಲಿನಕ್ಸ್ ಕಂಪ್ಯೂಟರಿನ ಮೋಡೆಮ್, ಅಕ್ಷರಗಳನ್ನು ಸದ್ದಾಗಿಸಿ ಫೋನ್ ತಂತಿಯಲ್ಲಿ ಕಳಿಸುವ ಡಬ್ಬ. ಹೊಗೆಸೊಪ್ಪಿನ ಹರಾಜಿಗೆ ಬಂದ ಬೇಲುಗಳ ಪಟ್ಟಿಯನ್ನು ದಿನಾ ಮೈಸೂರಿನ ಕಂಪ್ಯೂಟರಿಗೆ ಕಳಿಸುವುದು ನನ್ನ ಕೆಲಸ.

ಆ ವಾರ ಅವ್ವನ ಜೀವವೆಲ್ಲ ಎಚ್.ಡಿ. ಕೋಟೆಯ ಆಸ್ಪತ್ರೆಯಲ್ಲಿತ್ತು. ಎರಡು ಬಸಿರು ಕಳೆದುಕೊಂಡಿದ್ದ ಮಗಳು ಮೂರನೆಯದಕ್ಕೆ ಅಲ್ಲಿ ದಾಖಲಾಗಿದ್ದಳು. ಹೆರಿಗೆಯಾದ ಕೂಡಲೇ ಫೋನ್ ಮಾಡುತ್ತೇನೆ ಎಂದು ಅಳಿಯ ಹೇಳಿದ್ದ.

ಇದೆಲ್ಲ ನನಗೆ ಗೊತ್ತಿತ್ತು. ಆದರೂ ಹತ್ತು ಗಂಟೆಗೆ ಡಯಲ್ ಮಾಡಲು ಕೂತೆ. ಮೈಸೂರು ಸಿಕ್ಕಿತು, ಲಾಗಿನ್ ಕೇಳಿತು. ಅಷ್ಟರಲ್ಲಿ ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು ಉದುರಿದವು, ಹಿಂದೆಯೇ ಸಂಪರ್ಕ ಕಡಿಯಿತು. ಮತ್ತೆ ಮಾಡಿದೆ, ಮತ್ತೆ ಅದೇ ಪಾಡು. ವೇಗ ಇಳಿಸಿದೆ. ಅಕ್ಷರ ತಪ್ಪಿದರೆ ಹಿಡಿಯುವ ಪ್ಯಾರಿಟಿ ಬದಲಿಸಿದೆ. ಟರ್ಮಿನಲ್ ಆಯ್ಕೆ ತಪ್ಪಿರಬೇಕು ಎಂದು ಅದನ್ನೂ ಬದಲಿಸಿದೆ. ಒಂದು ಡಬ್ಬಕ್ಕೆ ಸೋತರೆ ಮಾನವೇ ಹೋದಂತೆ ಎಂಬ ಮೊಂಡುತನ ಆಗ ನನಗೆ. ಮೋಡೆಮ್ ಮಾರಿದವನ ವಂಶವನ್ನೆಲ್ಲ ಬೈಯುತ್ತ ಮಧ್ಯಾಹ್ನದವರೆಗೂ ಡಯಲ್ ಮಾಡಿದೆ.

ಊಟದ ಹೊತ್ತಿಗೆ ಕೋಟೆಯಿಂದ ಬಂದ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನಿಂತ. ಅವ್ವ ಒಳಗಿಂದ ಓಡಿ ಬಂದರು.

"ಅವ್ವಾ, ನಿಮ್ಮಳಿಯ ಯೋಳ್ ಕಳ್ಸವ್ರೆ. ಎಣ್ ಕೂಸು. ತಾಯಿ ಮಗು ಇಬ್ರೂ ಚೆಂದಾಗವ್ರೆ. ಬೆಳಿಗ್ಗೆಯಿಂದ ಪೋನ್ ಮಾಡಿ ಮಾಡಿ ಸಾಕಾಯ್ತಂತೆ ಕಣ್ರವ್ವ, ಬರೀ ಎಂಗೇಜಂತೆ."

ಲೈನು ಹಿಡಿದು ಕೂತಿದ್ದವನು ನಾನು. ಭೂಮಿ ಬಾಯಿಬಿಡಬಾರದೇ ಎನಿಸಿತು. ಅವ್ವ ಮಾತ್ರ ಕಣ್ಣು ಒರೆಸಿಕೊಂಡು ನಕ್ಕರು.

"ಎಂಗೇಜೆಲ್ಲಿ ಬಂತು ಬುಡಪ್ಪ? ನಂಗಾಗ್ಲೇ ಗೊತ್ತಾಗಿತ್ತು. ಸುದ್ದಿ ಬಂತೇನೋ ಅಂತ ಪೋನ್ ಎತ್ತಿದಾಗೆಲ್ಲ ಕೂಸು ಕಿರ್ರೋ ಅಂತ ಅಳ್ತಿತ್ತು. ಅಳಿಯ ಕೂಸಿನ್ ಬಾಯ್ ತಾವ ಪೋನ್ ಮಡಗವ್ನೆ ಅನ್ಕೊಂಡೆ. ಅಳ್ಬೇಡ ಕಣ್ ಕಂದ, ಅಜ್ಜಿ ಇವ್ನಿ, ಅಳ್ಬೇಡ ಅಂತ ಸಮಾಧಾನ ಮಾಡ್ತಿದ್ದೆ. ಒಸಿ ವೊತ್ಗೆ ಸುಮ್ಕಾಗದು."

ಕಿರ್ರೋ ಎನ್ನುತ್ತಿದ್ದದ್ದು, ಅವ್ವನ ದನಿ ಲೈನಿಗೆ ಸೇರಿ ಸಂಪರ್ಕ ಕಡಿದಾಗ ಸುಮ್ಮನಾಗುತ್ತಿದ್ದದ್ದು ನನ್ನ ಮೋಡೆಮ್. ಬೆಳಗಿನಿಂದ ನಾನು ಸರಿಪಡಿಸಲು ಹೆಣಗಿದ ಆ ಚಿಹ್ನೆಗಳು ಅಜ್ಜಿಯೊಬ್ಬಳು ಮೊಮ್ಮಗಳಿಗೆ ಹೇಳಿದ ಸಮಾಧಾನದ ಮಾತುಗಳು. ಅದು ಕೂಸಲ್ಲ ಎಂದು ಹೇಳಲು ಅಂದು ನನಗೆ ಬಾಯಿ ಬರಲಿಲ್ಲ. ಆಮೇಲೂ ಹೇಳಲಿಲ್ಲ.